ಮಾತು ಯಾರಿಗೆ ಕೊಟ್ಟೆ ಅನ್ನೋದು ಮುಖ್ಯ: ‘ದಿ ವೈಲ್ಡ್ ಬಂಚ್’ ಬಗ್ಗೆ ಒಬ್ಬ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ತುಂಬಾ ಹೊಗಳಿಕೆ ಕೇಳಿ ‘ದಿ ವೈಲ್ಡ್ ಬಂಚ್’ ನೋಡಿದೆ. ಎಲ್ಲರೂ ಇದನ್ನು ‘ಕಾಲ ಬದಲಾದಾಗ ಉಳಿಯಲಾಗದೆ ಹೋದ ದರೋಡೆಕೋರರ ಕಥೆ’ ಅಂತಾರೆ. ನನಗೆ ಕಂಡಿದ್ದು ಬರೀ ಕಳ್ಳರು, ಕೊಲೆಗಡುಕರು. ಕಾಲ ಇಂಥವರನ್ನು ಮುಗಿಸಿದರೆ ಒಳ್ಳೇದೇ ಅಲ್ವಾ? ಕೊನೆಗೆ ನಾಲ್ಕೇ ಜನ ಒಂದು ಸೈನ್ಯದ ಎದುರು ಹೋಗಿ ನಿಲ್ಲೋದು ಯಾಕೆ? ಕೈಯಲ್ಲಿ ಚಿನ್ನ ಇತ್ತು, ದಾರಿ ತೆರೆದಿತ್ತು. ಏಂಜೆಲ್‌ನನ್ನು ಬಿಟ್ಟುಬಂದವರೂ ಅವರೇ. ಇದರಲ್ಲಿ ರಕ್ತ ಬಿಟ್ಟು ಬೇರೆ ಏನಿದೆ?

ಉತ್ತರ: ನಿಮ್ಮ ಸಿಟ್ಟಲ್ಲಿ ತಪ್ಪಿಲ್ಲ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಬೀದಿ ತುಂಬ ಹೆಣ. ಸತ್ತವರಲ್ಲಿ ಸುಮ್ನೆ ಆ ದಾರಿಯಲ್ಲಿ ಹೋಗುತ್ತಿದ್ದವರೂ ಇದ್ದಾರೆ. ನಾಯಕ ಅನ್ನಿಸಿಕೊಂಡವನು ಒತ್ತೆಯಾಳುಗಳನ್ನು ತೋರಿಸಿ ತನ್ನವರಿಗೆ ಹೇಳುವ ಮಾತು, ‘ಅಲುಗಾಡಿದರೆ ಕೊಂದುಬಿಡಿ’. ಆ ಮಾತಿನ ಮೇಲೆ ಚಿತ್ರ ನಿಂತುಬಿಡುತ್ತದೆ, ಬಣ್ಣ ಹೋಗಿ ಕಪ್ಪುಬಿಳುಪಾಗುತ್ತದೆ, ನಿರ್ದೇಶಕ ಸ್ಯಾಮ್ ಪೆಕಿನ್‌ಪಾ ಹೆಸರು ಮೂಡುತ್ತದೆ. ಇವರನ್ನು ಒಳ್ಳೆಯವರು ಅಂದುಕೊಂಡು ಕೂರಬೇಡಿ ಅಂತ ಆತ ಸಹಿ ಹಾಕಿ ಕೊಟ್ಟ ಹಾಗಿದೆ.

ನೋಡದವರಿಗಾಗಿ, 1969ರ ಈ ಹಾಲಿವುಡ್ ಕೌಬಾಯ್ ಸಿನಿಮಾದ ಕಥೆ ಎರಡೇ ಮಾತಿನಲ್ಲಿ. ವರ್ಷ 1913. ಟೆಕ್ಸಸ್‌ನ ಒಂದು ಊರಲ್ಲಿ ಪೈಕ್ ಬಿಷಪ್‌ನ ತಂಡ ಸೈನಿಕರ ವೇಷದಲ್ಲಿ ಬಂದು ರೈಲ್ವೆ ಕಂಪನಿಯ ಕಚೇರಿ ದೋಚುತ್ತದೆ. ಕಂಪನಿಯವರು ಮೊದಲೇ ಮಾಳಿಗೆ ಮೇಲೆ ಬಂದೂಕಿನವರನ್ನು ಕೂರಿಸಿರುತ್ತಾರೆ. ಆಮೇಲೆ ಚೀಲ ಬಿಚ್ಚಿದರೆ ಬೆಳ್ಳಿ ನಾಣ್ಯದ ಬದಲು ಕಬ್ಬಿಣದ ವಾಷರ್! ಅಷ್ಟು ಜೀವ ಹೋಗಿದ್ದು ವಾಷರ್‌ಗಾಗಿ. ಉಳಿದವರು ಗಡಿ ದಾಟಿ ಮೆಕ್ಸಿಕೋಗೆ ಹೋಗುತ್ತಾರೆ. ಅಲ್ಲಿ ಮಪಾಚೆ ಅನ್ನುವ ಪುಂಡ ಜನರಲ್‌ಗಾಗಿ ಅಮೆರಿಕದ ಸೈನ್ಯದ ರೈಲಿನಿಂದ 16 ಪೆಟ್ಟಿಗೆ ಬಂದೂಕು ಕದಿಯಲು ಒಪ್ಪುತ್ತಾರೆ. ಕೂಲಿ 10,000 ಡಾಲರ್ ಚಿನ್ನ. ತಂಡದಲ್ಲಿರುವ ಮೆಕ್ಸಿಕೋದ ಹುಡುಗ ಏಂಜೆಲ್. ಮಪಾಚೆಯ ಜನ ಅವನ ಊರನ್ನೇ ಲೂಟಿ ಮಾಡಿದ್ದಾರೆ. ತನ್ನ ಪಾಲಿನ ಚಿನ್ನ ಬೇಡ, ಒಂದು ಪೆಟ್ಟಿಗೆ ಬಂದೂಕು ನನ್ನ ಊರವರಿಗೆ ಕೊಡಿ ಅಂತಾನೆ. ಅದು ಮಪಾಚೆಗೆ ಗೊತ್ತಾಗುತ್ತದೆ. ಇಷ್ಟೂ ಹೊತ್ತು ಇವರ ಬೆನ್ನಟ್ಟಿ ಬರುವವನು ಪೈಕ್‌ನ ಹಳೇ ಜೊತೆಗಾರ ಡೀಕ್ ಥಾರ್ನ್‌ಟನ್. ಅವನನ್ನು ಯೂಮಾ ಜೈಲಿನಿಂದ ಹೊರಗೆ ತಂದದ್ದು ರೈಲ್ವೆ ಕಂಪನಿ. ಮೂವತ್ತು ದಿನದೊಳಗೆ ಪೈಕ್‌ನನ್ನು ಹಿಡಿಯಬೇಕು, ಇಲ್ಲದಿದ್ದರೆ ವಾಪಸ್ ಜೈಲಿಗೆ.

ಹೆಸರಿನ ಬಗ್ಗೆ ಒಂದು ಗೊಂದಲ ಇದೆ. ‘ವೈಲ್ಡ್ ಬಂಚ್’ ಅಂತ ನಿಜವಾದ ದರೋಡೆ ತಂಡವೊಂದಿತ್ತು. ಬುಚ್ ಕ್ಯಾಸಿಡಿ ಮತ್ತವನ ಗೆಳೆಯರದು. ಈ ಸಿನಿಮಾ ಅವರ ಕಥೆ ಅಲ್ಲ. ಅವರ ಕಥೆ ಹೇಳುವ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡ್ಯಾನ್ಸ್ ಕಿಡ್’ ಕೂಡ ಇದೇ 1969ರಲ್ಲೇ ಬಂತು. ಪೆಕಿನ್‌ಪಾ ಸಿನಿಮಾಗೆ ಚಿತ್ರಕಥೆ ಮತ್ತು ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಎರಡನ್ನೂ ಹೊಡೆದುಕೊಂಡು ಹೋದದ್ದು ಆ ಇನ್ನೊಂದು ಸಿನಿಮಾ. ಅದು ನಗಿಸುತ್ತದೆ, ಹಾಡು ಹಾಡುತ್ತದೆ, ಕೊನೆಗೆ ಗುಂಡು ತಾಗುವ ಮೊದಲೇ ಚಿತ್ರವನ್ನು ನಿಲ್ಲಿಸಿಬಿಡುತ್ತದೆ. ಪೆಕಿನ್‌ಪಾ ಗುಂಡು ತಾಗಿದ ಮೇಲೂ ಕಣ್ಣು ಮುಚ್ಚಲು ಬಿಡುವುದಿಲ್ಲ.

ಆದರೂ ನಿಜವಾದ ಆ ತಂಡದ ಕಥೆ ಸ್ವಲ್ಪ ಗೊತ್ತಿರಬೇಕು. ‘ಕಾಲ ಬದಲಾಯಿತು’ ಅನ್ನುವ ಮಾತಿಗೆ ಅರ್ಥ ಸಿಗುವುದು ಅಲ್ಲೇ. ಕುದುರೆ ಮೇಲಿನ ದರೋಡೆಕೋರರ ಬಂಡವಾಳ ಬಂದೂಕಿಗಿಂತ ಜಾಸ್ತಿ, ದೂರ. ಇಲ್ಲಿ ದೋಚು, ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಕುದುರೆ ಬದಲಿಸು, ಬೆಳಗಾಗುವಷ್ಟರಲ್ಲಿ ಯಾರೂ ನುಗ್ಗಲಾಗದ ಕಣಿವೆಯೊಳಗೆ ಇರು. ತಂತಿ ಸುದ್ದಿ ಕುದುರೆಗಿಂತ ಬೇಗ ಮುಂದಿನ ಊರು ಸೇರತೊಡಗಿತು, ಅಲ್ಲಿಗೆ ಆ ಲೆಕ್ಕ ಕೆಟ್ಟಿತು. ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯಂತೂ ಕುದುರೆಗಳನ್ನೂ ಬಂದೂಕಿನವರನ್ನೂ ರೈಲು ಡಬ್ಬಿಯಲ್ಲೇ ತಯಾರಾಗಿ ಇಟ್ಟುಕೊಂಡಿತು. ದರೋಡೆ ಸುದ್ದಿ ಬಂದರೆ ಡಬ್ಬಿ ಹೊರಡುವುದೇ. ಅದಕ್ಕೆ ಸರಿಯಾಗಿ 1900ರಲ್ಲಿ ಈ ಮಹಾಶಯರು ಫೋರ್ಟ್ ವರ್ತ್ ಊರಿನ ಸ್ಟುಡಿಯೋ ಒಂದರಲ್ಲಿ ಸೂಟು, ಟೋಪಿ ಹಾಕಿಕೊಂಡು ಮದುವೆ ಗಂಡುಗಳ ಹಾಗೆ ಫೋಟೋ ತೆಗೆಸಿಕೊಂಡರು! ಆ ಫೋಟೋ ಪಿಂಕರ್ಟನ್ ಪತ್ತೇದಾರರ ಕೈ ಸೇರಿತು. 1901ರಲ್ಲಿ ಕ್ಯಾಸಿಡಿ ಮತ್ತು ಸನ್‌ಡ್ಯಾನ್ಸ್ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದರು.

ಅಂದರೆ ಈ ಸಿನಿಮಾದ ಕಥೆ ಶುರುವಾಗುವ 1913ಕ್ಕೆ ಇಂಥವರ ಕಾಲ ಮುಗಿದು ಹತ್ತು ವರ್ಷ ದಾಟಿದೆ. ಪೈಕ್ ಮತ್ತವನ ಜನ ಸಂತೆ ಮುಗಿದ ಮೇಲೂ ಅಂಗಡಿ ಎತ್ತದೆ ಕೂತವರು. ಪೈಕ್‌ಗೆ ಇದು ಗೊತ್ತು. ನಮ್ಮ ಬಂದೂಕುಗಳಾಚೆಗೆ ಯೋಚನೆ ಮಾಡಬೇಕು, ಆ ದಿನಗಳು ಬೇಗಬೇಗ ಮುಗಿಯುತ್ತಿವೆ ಅಂತ ಅವನೇ ಹೇಳುತ್ತಾನೆ. ಯೋಚಿಸಿ ಏನು ಮಾಡುತ್ತಾನೆ? ಇನ್ನೊಂದು ದರೋಡೆ.

ಇದನ್ನೆಲ್ಲ ಮಾತಿಲ್ಲದೆ ತೋರಿಸುವ ಒಂದು ಜಾಗ ಇದೆ. ಮರಳುದಿಣ್ಣೆ ದಾಟುವಾಗ ಪೈಕ್ ಕುದುರೆ ಹತ್ತಲು ಹೋಗುತ್ತಾನೆ. ಕಾಲಿಡುವ ರಿಕಾಪಿನ ಚರ್ಮದ ಪಟ್ಟಿ ಪಟ್ಟಂತ ಹರಿಯುತ್ತದೆ. ದೊಪ್ಪನೆ ಬೀಳುತ್ತಾನೆ. ತೊಡೆಯ ಹಳೇ ಗಾಯ ಹಿಡಿದುಕೊಳ್ಳುತ್ತದೆ. ಜೊತೆಯವನೊಬ್ಬ ಹಂಗಿಸಿ ನಗುತ್ತಾನೆ. ಪೈಕ್ ತುಟಿ ಎರಡು ಮಾಡುವುದಿಲ್ಲ. ಮತ್ತೆ ಹತ್ತುತ್ತಾನೆ, ಬಾಗಿದ ಬೆನ್ನು ನಮಗೆ ತೋರಿಸಿಕೊಂಡು ಒಬ್ಬನೇ ದಿಣ್ಣೆ ಏರಿ ಹೋಗುತ್ತಾನೆ. ಕ್ಯಾಮೆರಾ ಆ ಬೆನ್ನನ್ನು ಬಿಟ್ಟು ಕದಲುವುದಿಲ್ಲ. ಪೈಕ್ ಪಾತ್ರ ಮಾಡಿದ ವಿಲಿಯಂ ಹೋಲ್ಡನ್‌ಗೆ ಆಗ ಐವತ್ತು. ಥಾರ್ನ್‌ಟನ್ ಆಗಿರುವ ರಾಬರ್ಟ್ ರಯಾನ್‌ಗೆ ಇನ್ನೂ ಹೆಚ್ಚು. ತಂಡದ ಟೆಕ್ಟರ್ ಗಾರ್ಚ್ ಆಗಿರುವ ಬೆನ್ ಜಾನ್ಸನ್ ನಿಜಜೀವನದಲ್ಲೇ ರೋಡಿಯೋ (ಕೌಬಾಯ್‌ಗಳ ಪಂದ್ಯ) ಚಾಂಪಿಯನ್, ನಿರ್ದೇಶಕ ಜಾನ್ ಫೋರ್ಡ್‌ನ ಹಳೇ ಕೌಬಾಯ್ ಚಿತ್ರಗಳಲ್ಲಿ ಕುದುರೆ ಓಡಿಸಿದವನು. ಆ ಮುಖಗಳ ಸುಕ್ಕುಗಳಿಗೆ ಮೇಕಪ್ ಬೇಕಿರಲಿಲ್ಲ.

ಕಾರು ಕೂಡ ಇದೆ, ಮಪಾಚೆಯ ಕೆಂಪು ಕಾರು. ಪೆಕಿನ್‌ಪಾಗೆ ಕಾರು ಕಂಡರೆ ಏನೋ ಹಠ ಅನ್ನಿಸುತ್ತದೆ. 1962ರ ‘ರೈಡ್ ದ ಹೈ ಕಂಟ್ರಿ’ಯ ಮೊದಲ ದೃಶ್ಯದಲ್ಲೇ ಒಂದು ಕಾರು ಬರುತ್ತದೆ. 1970ರ ‘ದಿ ಬ್ಯಾಲಡ್ ಆಫ್ ಕೇಬಲ್ ಹೋಗ್’ನಲ್ಲಿ ನಾಯಕ ಸಾಯುವುದೇ ಕಾರು ಹರಿದು. ವಿಮರ್ಶಕರು ಈ ಕಾರನ್ನೇ ಹಿಡಿದು ಯಂತ್ರ ಬಂತು, ಕುದುರೆ ಹೋಯಿತು ಅಂತ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ ಕಾರಿನಿಂದ ಏನು ಮಾಡುತ್ತಾರೆ ಅನ್ನುವುದು. ಏಂಜೆಲ್‌ನನ್ನು ಅದರ ಹಿಂದೆ ಕಟ್ಟಿ ಊರೆಲ್ಲ ಎಳೆದಾಡುತ್ತಾರೆ. ಮಕ್ಕಳು ಕೇಕೆ ಹಾಕಿಕೊಂಡು ಹಿಂದೆ ಓಡುತ್ತಾರೆ. ಹಿಂದೆ ಇದೇ ಕೆಲಸಕ್ಕೆ ಕುದುರೆ ಸಾಕಿತ್ತು. ಯಂತ್ರ ಹೊಸದು, ಕ್ರೌರ್ಯ ಹಳೇದು. ಹಾಗಾಗಿ ಈ ಸಿನಿಮಾ ‘ಹಳೇ ಕಾಲ ಚೆನ್ನಾಗಿತ್ತು’ ಅಂತ ಅಳುತ್ತಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ದೃಶ್ಯ ನೆನಪಿಸಿಕೊಳ್ಳಿ. ಮಕ್ಕಳು ಚೇಳುಗಳನ್ನು ಇರುವೆಗಳ ರಾಶಿಗೆ ಬಿಟ್ಟು ನಗುತ್ತಿರುತ್ತಾರೆ, ಆಮೇಲೆ ಎರಡಕ್ಕೂ ಸೇರಿಸಿ ಹುಲ್ಲು ಹಾಕಿ ಬೆಂಕಿ ಹಚ್ಚುತ್ತಾರೆ. ಮಪಾಚೆ ಪಾತ್ರ ಮಾಡಿದ ಎಮಿಲಿಯೋ ಫರ್ನಾಂಡಿಸ್ ಸ್ವತಃ ಮೆಕ್ಸಿಕೋದ ದೊಡ್ಡ ನಿರ್ದೇಶಕ. ಚಿಕ್ಕಂದಿನಲ್ಲಿ ತಾವು ಆಡುತ್ತಿದ್ದ ಆಟ ಇದು ಅಂತ ಪೆಕಿನ್‌ಪಾಗೆ ಹೇಳಿದ್ದು ಅವರೇ. ಯಾವ ಕಾಲ ಚೆನ್ನಾಗಿತ್ತು ಹೇಳಿ?

ಈಗ ನಿಮ್ಮ ಎರಡನೇ ಪ್ರಶ್ನೆ, ಅವರು ಯಾಕೆ ಹೋದರು ಅನ್ನುವುದು. ನನ್ನ ಪ್ರಕಾರ ಉತ್ತರ ಇರುವುದು ಒಂದು ಸಣ್ಣ ಜಗಳದಲ್ಲಿ. ಥಾರ್ನ್‌ಟನ್ ಕಡೆಯವರು ಪೈಕ್ ತಂಡದ ಮುದುಕ ಸೈಕ್ಸ್‌ಗೆ ಗುಂಡು ಹೊಡೆದದ್ದನ್ನು ಇವರು ದೂರದಿಂದ ನೋಡುತ್ತಾರೆ. ತಂಡದಲ್ಲಿ ಪೈಕ್‌ನ ಬಲಗೈಯಂತಿರುವ ಡಚ್, ಥಾರ್ನ್‌ಟನ್‌ಗೆ ಶಾಪ ಹಾಕುತ್ತಾನೆ. ಪೈಕ್ ಹಳೇ ಗೆಳೆಯನ ಪರ ವಹಿಸುತ್ತಾನೆ: ಅವನು ಮಾತು ಕೊಟ್ಟಿದ್ದಾನೆ. ಡಚ್: ರೈಲ್ವೆ ಕಂಪನಿಗೆ! ಪೈಕ್ ಕೂಗುತ್ತಾನೆ: ಮಾತು ಮಾತೇ! ಡಚ್ ಇನ್ನೂ ಜೋರಾಗಿ: ಅದಲ್ಲ ಮುಖ್ಯ, ಯಾರಿಗೆ ಕೊಟ್ಟೆ ಅನ್ನೋದು ಮುಖ್ಯ!

‘ಗೋವಿನ ಹಾಡು’ ಕೇಳಿ ಬೆಳೆದ ನಮಗೆ ಈ ಜಗಳ ಬೇಗ ಹಿಡಿಸುತ್ತದೆ. ಪುಣ್ಯಕೋಟಿ ಮಾತು ಕೊಟ್ಟದ್ದು ಯಾರಿಗೆ? ತನ್ನನ್ನು ತಿನ್ನಲು ಕೂತ ಹುಲಿಗೆ. ಆದರೂ ವಾಪಸ್ ಹೋಯಿತು. ಅದು ಪೈಕ್‌ನ ವಾದ, ಮಾತು ಮಾತೇ. ಹುಲಿಗೆ ಕೊಟ್ಟ ಮಾತಿಗೆ ಏನು ಬೆಲೆ ಅಂತ ಡಚ್ ಕೇಳುತ್ತಿದ್ದಾನೆ. ಶಾಲೆಯಲ್ಲಿ ಈ ಪ್ರಶ್ನೆ ಕೇಳಿದ್ದರೆ ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಇಲ್ಲಿ ತಮಾಷೆ ಏನೆಂದರೆ, ವಾದ ಮಾಡುವ ಇಬ್ಬರೂ ತಮ್ಮ ಮಾತಿನಂತೆ ನಡೆದವರಲ್ಲ. ಒಬ್ಬನ ಜೊತೆ ಸೇರಿದ ಮೇಲೆ ಕೊನೆತನಕ ಇರಬೇಕು, ಇಲ್ಲದಿದ್ದರೆ ನೀನೊಂದು ಪ್ರಾಣಿ ಅಂತ ಪೈಕ್ ತನ್ನವರಿಗೆ ಬುದ್ಧಿ ಹೇಳುತ್ತಾನೆ. ಹಾಗೆ ಹೇಳುವವನ ಲೆಕ್ಕ ತೆಗೆಯಿರಿ. ಮೊದಲ ದರೋಡೆಯಲ್ಲಿ ಕ್ರೇಜಿ ಲೀ ಅನ್ನುವ ಹುಡುಗನನ್ನು ಒತ್ತೆಯಾಳುಗಳ ಕಾವಲಿಗೆ ಬಿಟ್ಟು ಬಂದ, ವಾಪಸ್ ಕರೆಯಲೇ ಇಲ್ಲ. ಅವನು ಸೈಕ್ಸ್‌ನ ಮೊಮ್ಮಗ ಅಂತ ಆಮೇಲೆ ತಿಳಿಯುತ್ತದೆ. ವರ್ಷಗಳ ಹಿಂದೆ ಒಂದು ರಾತ್ರಿ ಇಲ್ಲಿಗೆ ಯಾರೂ ಬರಲ್ಲ ಅಂತ ಥಾರ್ನ್‌ಟನ್‌ಗೆ ಧೈರ್ಯ ಹೇಳಿದ. ಬಾಗಿಲು ಬಡಿದಾಗ ತಾನು ಓಡಿಹೋದ, ಗೆಳೆಯ ಸಿಕ್ಕಿಬಿದ್ದ. ಇನ್ನು ಡಚ್. ಏಂಜೆಲ್‌ನನ್ನು ಮಪಾಚೆಯ ಜನ ಹಿಡಿದುಕೊಂಡಾಗ ಪಕ್ಕದಲ್ಲಿ ಇದ್ದವನು ಅವನೇ. ಅವನು ಕಳ್ಳ, ನೀವೇ ನೋಡಿಕೊಳ್ಳಿ ಅಂತ ಹೇಳಿ ಕುದುರೆ ತಿರುಗಿಸಿದ. ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಆ ಕ್ಷಣದಲ್ಲಿ ಏಂಜೆಲ್‌ನ ಮುಖ ನೋಡಿ.

ಅದಕ್ಕೇ ಕೊನೆಯ ಬೆಳಗಿನ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಪೈಕ್ ಒಬ್ಬ ಬಡ ಹುಡುಗಿಯ ಕೋಣೆಯಲ್ಲಿದ್ದಾನೆ. ಅವಳು ಮೈ ತೊಳೆದುಕೊಳ್ಳುತ್ತಿದ್ದಾಳೆ. ಮೂಲೆಯಲ್ಲಿ ಮಗು ಅಳುತ್ತಿದೆ. ಪಕ್ಕದ ಕೋಣೆಯಲ್ಲಿ ಗಾರ್ಚ್ ಅಣ್ಣತಮ್ಮಂದಿರು ಇನ್ನೊಬ್ಬಳ ಜೊತೆ ದುಡ್ಡಿಗೆ ಜಗಳ ಆಡುತ್ತಿದ್ದಾರೆ. ಅವರಲ್ಲೊಬ್ಬನ ಕೈಯಲ್ಲಿ ದಾರ ಕಟ್ಟಿದ ಸಣ್ಣ ಹಕ್ಕಿ. ಪೈಕ್ ಚಿನ್ನ ಇಡುತ್ತಾನೆ, ಬಾಟಲಿ ಮುಗಿಸಿ ಎಸೆಯುತ್ತಾನೆ, ಬಾಗಿಲಿಗೆ ಬಂದು ನಿಲ್ಲುತ್ತಾನೆ. ‘ಹೋಗೋಣ’. ಲೈಲ್ ಗಾರ್ಚ್ ಅವನ ಮುಖ ನೋಡುತ್ತಾನೆ. ‘ಆಗಲಿ, ಯಾಕಾಗಬಾರದು’. ಅಷ್ಟೇ. ಭಾಷಣ ಇಲ್ಲ, ಏಂಜೆಲ್ ಹೆಸರಿಲ್ಲ. ಹೊರಗೆ ಗೋಡೆಗೊರಗಿ ಡಚ್ ಕೂತಿದ್ದಾನೆ. ಅವನು ಒಳಗೆ ಹೋಗಿಯೇ ಇಲ್ಲ, ಕಡ್ಡಿ ಕೆತ್ತುತ್ತಿದ್ದಾನೆ. ಇವರನ್ನು ನೋಡುತ್ತಾನೆ, ನಗುತ್ತಾನೆ, ಏಳುತ್ತಾನೆ. ಅವನಿಗೆ ಏನೂ ಹೇಳುವ ಅಗತ್ಯ ಬೀಳಲಿಲ್ಲ.

ಗಮನಿಸಿ, ಏಂಜೆಲ್‌ಗೆ ಇವರು ಯಾರೂ ‘ಬಂದು ಬಿಡಿಸ್ತೀವಿ’ ಅಂತ ಮಾತು ಕೊಟ್ಟಿರಲಿಲ್ಲ. ಕೊಡದ ಮಾತನ್ನು ಉಳಿಸಿಕೊಳ್ಳಲು ಹೊರಟವರು ಇವರು. ಕೊಟ್ಟು ತಪ್ಪಿದ ಹಳೇ ಮಾತುಗಳ ಸಾಲವನ್ನೆಲ್ಲ ಈ ಒಬ್ಬ ಹುಡುಗನ ಹೆಸರಲ್ಲಿ ತೀರಿಸುತ್ತಿದ್ದಾರೆ ಅಂತ ನಾನು ಓದಿಕೊಳ್ಳುತ್ತೇನೆ. ಯಾರಿಗೆ ಕೊಟ್ಟೆ ಅನ್ನುವ ಡಚ್‌ನ ಪ್ರಶ್ನೆಗೂ ಆಗ ಉತ್ತರ ಸಿಗುತ್ತದೆ. ತಂಡದಲ್ಲಿ ಹಣ ಬಿಟ್ಟು ಬೇರೆ ಏನನ್ನಾದರೂ ಕೇಳಿದವನು ಏಂಜೆಲ್ ಒಬ್ಬನೇ.

ಆಮೇಲೆ ನಾಲ್ವರ ನಡಿಗೆ. ಚಿತ್ರಕಥೆಯಲ್ಲಿ ಇದು ಇಷ್ಟು ಉದ್ದ ಇರಲಿಲ್ಲ, ಶೂಟಿಂಗ್ ಜಾಗದಲ್ಲೇ ಬೆಳೆಯಿತು. ಎಲ್ಲೋ ಯಾರೋ ಹಾಡುತ್ತಿದ್ದಾರೆ, ಡೋಲು ಬಡಿಯುತ್ತಿದೆ, ಕುಡಿದ ಸೈನಿಕರು ದಾರಿ ಬಿಡುತ್ತಾರೆ. ನಮ್ಮ ಹುಡುಗನನ್ನು ಕೊಡು ಅಂತಾರೆ. ಮಪಾಚೆ ಏಂಜೆಲ್‌ನನ್ನು ತಂದು ನಿಲ್ಲಿಸಿ ಅವರ ಕಣ್ಣೆದುರೇ ಕತ್ತು ಕೊಯ್ಯುತ್ತಾನೆ. ಪೈಕ್ ಮಪಾಚೆಯನ್ನು ಹೊಡೆಯುತ್ತಾನೆ. ಆಮೇಲೆ ಮೌನ. ಇಷ್ಟು ಜನ ಸೈನಿಕರು, ಒಬ್ಬನೂ ಗುಂಡು ಹಾರಿಸುವುದಿಲ್ಲ. ಡಚ್ ಕಿಸಕ್ಕನೆ ನಗುತ್ತಾನೆ. ಆಗ ತಪ್ಪಿಸಿಕೊಳ್ಳಬಹುದಿತ್ತೇನೋ. ಪೈಕ್ ಸುತ್ತ ಕಣ್ಣಾಡಿಸಿ, ಮಪಾಚೆಗೆ ಸಲಹೆ ಕೊಡುತ್ತಿದ್ದ ಜರ್ಮನ್ ಸೇನಾಧಿಕಾರಿಗೆ ಗುರಿ ಇಟ್ಟು ಹೊಡೆಯುತ್ತಾನೆ. ಯಾಕೆ ಅವನು? ಮಪಾಚೆಯ ಮೇಲಿದ್ದದ್ದು ಏಂಜೆಲ್‌ನ ಲೆಕ್ಕ. ಈ ಎರಡನೇ ಗುಂಡು ಬಿದ್ದದ್ದು, ದೂರದಿಂದ ಬಂದು ಬಂದೂಕು ಹಂಚಿ, ಯಾರ ಮೇಲೂ ಸಿಟ್ಟಿಲ್ಲದೆ ಕೊಲ್ಲಿಸುವ ಹೊಸ ಜನದ ಮೇಲೆ. ಬದಲಾದ ಕಾಲಕ್ಕೆ ಒಂದು ಮುಖ ಇದ್ದರೆ ಅದು ಆ ಅಧಿಕಾರಿಯ ಮುಖ, ಇನ್ನೊಂದು ರೈಲ್ವೆ ಕಂಪನಿಯ ಹ್ಯಾರಿಗನ್‌ದು. ಹ್ಯಾರಿಗನ್ ತಾನಾಗಿ ಬಂದೂಕು ಮುಟ್ಟುವುದಿಲ್ಲ. ಕೊಲ್ಲಲು ಕೂಲಿಗೆ ಜನ ಇಡುತ್ತಾನೆ, ಕಾನೂನು ಅವನ ಕಡೆ ಇದೆ.

ಮೆಷಿನ್ ಗನ್ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವೇ. ಕದ್ದ ಮಾಲಿನ ಜೊತೆ ಒಂದು ಮೆಷಿನ್ ಗನ್ ಕೂಡ ಮಪಾಚೆಗೆ ಸಿಗುತ್ತದೆ. ಅದನ್ನು ಮುಕ್ಕಾಲಿಯ ಮೇಲೆ ಕೂರಿಸಬೇಕು ಅಂತ ಗೊತ್ತಿಲ್ಲದೆ ಕೈಯಲ್ಲೇ ಹಿಡಿದು ಟ್ರಿಗರ್ ಒತ್ತುತ್ತಾರೆ. ಗುಂಡು ಸಿಕ್ಕಸಿಕ್ಕಲ್ಲಿ ಹಾರುತ್ತದೆ. ಅವರದೇ ಜನ ಕೋಳಿಗಳ ಹಾಗೆ ಚೆಲ್ಲಾಪಿಲ್ಲಿ. ನಾವು ನಗುತ್ತೇವೆ. ಕೊನೆಯ ಕಾಳಗದಲ್ಲಿ ಅದೇ ಗನ್ ಮುಕ್ಕಾಲಿಯ ಮೇಲೆ ಗಟ್ಟಿಯಾಗಿ ಕೂತಿದೆ, ಈಗ ನಗು ಬರುವುದಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತದೆ. ಯಾರ ಕೈಗೆ ಬಂದರೆ ಅವರದೇ ಮೇಲುಗೈ, ಹಿಡಿದವನು ಯಾರಾದರೂ ಅದಕ್ಕೆ ಒಂದೇ. ಗುರಿಕಾರ ಅನ್ನುವ ಹೆಮ್ಮೆಗೆ ಅಲ್ಲಿ ಬೆಲೆ ಇಲ್ಲ. ಸಿನಿಮಾದಲ್ಲಿರುವುದು 1917ರ ಬ್ರೌನಿಂಗ್ ಮಾದರಿ. 1913ರ ಕಥೆಯಲ್ಲಿ ಅದು ಇರಲು ಸಾಧ್ಯವಿಲ್ಲ. ಬಂದೂಕು ಪ್ರಿಯರು ಇದನ್ನು ದೊಡ್ಡ ತಪ್ಪು ಅಂತಾರೆ. ಇರಲಿ ಬಿಡಿ, ಮುಂದಿನ ವರ್ಷ ಯುರೋಪಿನಲ್ಲಿ ಇಂಥದ್ದೇ ಗನ್‌ಗಳು ಏನು ಮಾಡಿದವು ಅಂತ ನಮಗೆ ಗೊತ್ತು.

ರಕ್ತ ಜಾಸ್ತಿ ಆಯಿತು ಅಂದಿರಿ. ಶೂಟಿಂಗ್ ನಡೆದದ್ದು 1968ರ ಮಾರ್ಚ್‌ನಿಂದ ಜೂನ್‌ವರೆಗೆ, ಮೆಕ್ಸಿಕೋದಲ್ಲಿ. ಆ ನಾಲ್ಕೇ ತಿಂಗಳಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು, ರಾಬರ್ಟ್ ಕೆನಡಿ ಕೊಲೆಯಾಯಿತು, ಟಿವಿಯಲ್ಲಿ ವಿಯೆಟ್ನಾಂ ಹೆಣಗಳು ದಿನಾ ಊಟದ ಹೊತ್ತಿಗೆ ಬರುತ್ತಿದ್ದವು. ಪೆಕಿನ್‌ಪಾ ಹಲವು ಕ್ಯಾಮೆರಾಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿದರು. ಸಂಕಲನಕಾರ ಲೂ ಲೊಂಬಾರ್ಡೋ ಅದನ್ನೆಲ್ಲ ಚೂರು ಚೂರು ಮಾಡಿ ಹೆಣೆದರು. ಒಬ್ಬ ಮಾಳಿಗೆಯಿಂದ ಬೀಳುತ್ತಾನೆ, ನಿಧಾನವಾಗಿ. ಅವನು ನೆಲ ಮುಟ್ಟುವುದರೊಳಗೆ ಇನ್ನಿಬ್ಬರು ಮಾಮೂಲಿ ವೇಗದಲ್ಲಿ ಸತ್ತಿರುತ್ತಾರೆ. ಈ ನಿಧಾನದ ಪಾಠ ಜಪಾನಿನ ನಿರ್ದೇಶಕ ಕುರೊಸಾವಾನ ‘ಸೆವೆನ್ ಸಮುರಾಯ್’ನಿಂದ ಬಂದದ್ದು. ಅದೇ ಕುರೊಸಾವಾಗೆ ನಮ್ಮ ಗಿರೀಶ ಕಾರ್ನಾಡರೂ 1978ರ ‘ಒಂದಾನೊಂದು ಕಾಲದಲ್ಲಿ’ಯಲ್ಲಿ ನಮಸ್ಕಾರ ಹೇಳಿದರು. ಕೂಲಿಗೆ ಕತ್ತಿ ಹಿಡಿಯುವ ಎರಡು ಕಡೆಯ ಇಬ್ಬರು ಯೋಧರು ಕೊನೆಗೆ ಒಂದಾಗುವ ಕಥೆ ಅದು. ಶಂಕರ್‌ನಾಗ್, ಸುಂದರಕೃಷ್ಣ ಅರಸ್ ಇಬ್ಬರನ್ನೂ ಪೈಕ್ ಮತ್ತು ಥಾರ್ನ್‌ಟನ್ ಪಕ್ಕ ಇಟ್ಟು ನೋಡಿ, ಮಜಾ ಇದೆ.

ಸಿನಿಮಾದಲ್ಲಿ ನನಗೆ ಒಪ್ಪಿಗೆ ಆಗದ್ದೂ ಇದೆ. ಹೆಂಗಸರಿಗೆ ಇಲ್ಲಿ ಜಾಗವೇ ಇಲ್ಲ. ಏಂಜೆಲ್ ತನ್ನ ಹಳೇ ಪ್ರೇಯಸಿಯನ್ನು ಕೊಂದದ್ದಕ್ಕೆ ಯಾರೂ ಎರಡು ನಿಮಿಷ ಯೋಚಿಸುವುದಿಲ್ಲ. ಅವಳ ತಾಯಿ ಯೋಚಿಸುತ್ತಾಳೆ, ಅವಳೇ ಮಪಾಚೆಗೆ ಚಾಡಿ ಹೇಳುವುದು. ಸಿನಿಮಾ ಅವಳ ದುಃಖವನ್ನು ಬರೀ ಕಥೆಯ ತಿರುವಿಗೆ ಬಳಸಿಕೊಂಡು ಬಿಟ್ಟುಬಿಡುತ್ತದೆ.

ಯಾವ ಪ್ರತಿ ನೋಡಿದಿರಿ ಅನ್ನುವುದೂ ಮುಖ್ಯ. ಬಿಡುಗಡೆಯಾದ ಮೇಲೆ ನಿರ್ಮಾಣ ಸಂಸ್ಥೆ ಸುಮಾರು ಹತ್ತು ನಿಮಿಷ ಕತ್ತರಿಸಿತ್ತು. ಥಾರ್ನ್‌ಟನ್ ಸಿಕ್ಕಿಬಿದ್ದ ಆ ರಾತ್ರಿಯೂ ಅದರಲ್ಲಿ ಹೋಯಿತು. ನಾನು ಮೊದಲ ಸಲ ಒಂದು ಫಿಲ್ಮ್ ಸೊಸೈಟಿಯಲ್ಲಿ ನೋಡಿದ್ದು ಆ ಮೊಟಕು ಪ್ರತಿಯನ್ನೇ. ಈ ಥಾರ್ನ್‌ಟನ್ ಯಾಕೆ ಯಾವಾಗಲೂ ಸೋತ ಮುಖ ಹಾಕಿಕೊಂಡಿರುತ್ತಾನೆ ಅಂತ ತಲೆ ಕೆರೆದುಕೊಂಡಿದ್ದೆ. 1995ರಲ್ಲಿ 145 ನಿಮಿಷದ ಪೂರ್ತಿ ಪ್ರತಿ ಮತ್ತೆ ತೆರೆಗೆ ಬಂತು. ನಿಮ್ಮದು ಅದೇ ಅಲ್ಲದಿದ್ದರೆ ಅದನ್ನೇ ಹುಡುಕಿ ನೋಡಿ.

ನೋಡುವಾಗ ಗುಂಡಿನ ಸದ್ದು ನಿಂತ ಮೇಲೆ ಎದ್ದು ಹೋಗಬೇಡಿ. ಥಾರ್ನ್‌ಟನ್ ಒಳಗೆ ಬರುತ್ತಾನೆ. ಸತ್ತ ಪೈಕ್‌ನ ಕೈ ಇನ್ನೂ ಮೆಷಿನ್ ಗನ್ ಹಿಡಿಯ ಮೇಲೇ ಇದೆ. ಥಾರ್ನ್‌ಟನ್ ಗೆಳೆಯನ ಹಳೇ ರಿವಾಲ್ವರ್ ತೆಗೆದುಕೊಳ್ಳುತ್ತಾನೆ. ಅವನ ಜೊತೆ ಬಂದ ಕೂಲಿ ಬೇಟೆಗಾರರು ಹೆಣಗಳನ್ನು ಹೇರಿಕೊಂಡು ಬಹುಮಾನದ ಹಣಕ್ಕೆ ಹೊರಡುತ್ತಾರೆ, ಇವನು ಹೋಗುವುದಿಲ್ಲ. ಕೋಟೆ ಬಾಗಿಲ ಹೊರಗೆ ಗೋಡೆಗೊರಗಿ ಕೂರುತ್ತಾನೆ. ಹಳ್ಳಿ ಜನರನ್ನು ಕಟ್ಟಿಕೊಂಡು ಮುದುಕ ಸೈಕ್ಸ್ ಬರುತ್ತಾನೆ, ನೀನಿನ್ನೂ ಇಲ್ಲೇ ಇದ್ದೀಯಾ ಅನ್ನುವ ಹಾಗೆ ನೋಡುತ್ತಾನೆ. ಥಾರ್ನ್‌ಟನ್ ಹೇಳುವುದು ಇಷ್ಟೇ: ಅವರನ್ನು ವಾಪಸ್ ಕಳಿಸಿದೆ, ನಾನು ಕೊಟ್ಟಿದ್ದ ಮಾತು ಅಷ್ಟೇ. ನಮಗೆ ಒಂದಷ್ಟು ಕೆಲಸ ಇದೆ, ಬರ್ತೀಯಾ, ಮೊದಲಿನ ಹಾಗಿರಲ್ಲ, ಆದರೂ ನಡೆಯುತ್ತೆ ಅಂತಾನೆ ಸೈಕ್ಸ್. ಥಾರ್ನ್‌ಟನ್ ನಗುತ್ತಾನೆ. ಎದ್ದು ಕುದುರೆ ಹತ್ತುತ್ತಾನೆ.